ಓದುಗರ ಪ್ರಶ್ನೆ, ನಮ್ಮ ಉತ್ತರ: ಗೋಡೆಯ ಮೇಲಿನ ಬಾಳೆಹಣ್ಣು, ಅಟ್ಟದ ಮೇಲಿನ ಕೌದಿ

ದಿನಬಳಕೆಯ ವಸ್ತುಗಳು ಕಲಾಕೃತಿಗಳೆನಿಸಿಕೊಳ್ಳುವುದು ಹೇಗೆ ಎಂಬುದನ್ನು ಕುರಿತು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಉತ್ತರಕ್ಕೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಗೋಡೆಗೆ ಟೇಪಿನಿಂದ ಅಂಟಿಸಿದ ಒಂದು ಬಾಳೆಹಣ್ಣು ಕೋಟಿಗಟ್ಟಲೆ ರೂಪಾಯಿಗೆ ಹರಾಜಾಯಿತೆಂದು ಪತ್ರಿಕೆಯಲ್ಲಿ ಓದಿದೆ. ಬಹಳ ಹಿಂದೆಯೇ ಮೂತ್ರದ ತೊಟ್ಟಿಯೊಂದನ್ನು ಕಲೆ ಎಂದು ಒಪ್ಪಿಕೊಂಡಿದ್ದಾರಂತೆ. ನಾನು ಮೂವತ್ತೈದು ವರ್ಷ ದಿನಸಿ ಅಂಗಡಿ ನಡೆಸಿದವನು. ನನ್ನ ತಕ್ಕಡಿ, ಸೇರು, ಪಾವುಗಳನ್ನು ಗೋಡೆಗೆ ತೂಗುಹಾಕಿದರೆ ಅವೂ ಕಲೆಯಾಗುತ್ತವೆಯೆ? ಅದನ್ನು ತೀರ್ಮಾನಿಸುವವರು ಯಾರು?
— ನಿವೃತ್ತ ವ್ಯಾಪಾರಿ, ದಾವಣಗೆರೆ

ಉತ್ತರ: ತಮ್ಮ ಪ್ರಶ್ನೆಯಲ್ಲಿ ಸಿಟ್ಟಿದೆ, ಆ ಸಿಟ್ಟಿಗೆ ಕಾರಣವೂ ಇದೆ. ಆದರೆ ಬಾಳೆಹಣ್ಣು, ಮೂತ್ರದ ತೊಟ್ಟಿ ಮತ್ತು ತಮ್ಮ ಸೇರು ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ತೊಟ್ಟಿಯ ಕಥೆಯನ್ನೇ ಮೊದಲು ಹೇಳುತ್ತೇನೆ. ಉಳಿದದ್ದಕ್ಕೆಲ್ಲ ಬೇರು ಅಲ್ಲಿದೆ.

1917ರಲ್ಲಿ ನ್ಯೂಯಾರ್ಕಿನ ಕಲಾವಿದರ ಸಂಘವೊಂದು, ಶುಲ್ಕ ಕಟ್ಟಿದ ಯಾರ ಕೃತಿಯನ್ನಾದರೂ ಆಯ್ಕೆಯ ಗೊಡವೆಯಿಲ್ಲದೆ ಪ್ರದರ್ಶಿಸುವುದಾಗಿ ಸಾರಿತು. ಅದೇ ಸಂಘದ ಮಂಡಳಿಯಲ್ಲಿದ್ದ ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂ ಅವರು ಅಂಗಡಿಯಲ್ಲಿ ಸಿಗುವಂತಹ ಪಿಂಗಾಣಿಯ ಮೂತ್ರದ ತೊಟ್ಟಿಯೊಂದನ್ನು ಮಲಗಿಸಿ, ಅದರ ಮೇಲೆ ‘ಆರ್. ಮಟ್’ ಎಂಬ ಕಲ್ಪಿತ ಹೆಸರಿನ ರುಜು ಹಾಕಿ, ‘ಕಾರಂಜಿ’ ಎಂದು ಹೆಸರಿಟ್ಟು ಕಳುಹಿಸಿದರು. ಸಂಘವು ಕೊಟ್ಟ ಮಾತನ್ನು ತಾನೇ ಮುರಿದು ಅದನ್ನು ಪ್ರದರ್ಶನಕ್ಕೆ ಇಡಲಿಲ್ಲ. ದುಶಾಂ ರಾಜೀನಾಮೆ ಕೊಟ್ಟು ಹೊರಬಂದರು. ಆ ತೊಟ್ಟಿ ಆಮೇಲೆ ಕಳೆದುಹೋಯಿತು, ಆಲ್ಫ್ರೆಡ್ ಸ್ಟೀಗ್ಲಿಟ್ಜ್ ತೆಗೆದ ಒಂದು ಛಾಯಾಚಿತ್ರ ಮಾತ್ರ ಉಳಿಯಿತು. ಇಂದು ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ಜನ ನೋಡುವುದು ಬಹುಮಟ್ಟಿಗೆ 1964ರಲ್ಲಿ ದುಶಾಂ ಅವರ ಒಪ್ಪಿಗೆಯಿಂದ ಮಾಡಿಸಿದ ಪ್ರತಿಗಳನ್ನು. ಮೂಲ ವಸ್ತುವೇ ಇಲ್ಲದಿದ್ದರೂ ಕೃತಿ ಬದುಕಿದೆಯೆಂದ ಮೇಲೆ, ಅಲ್ಲಿ ಕೃತಿಯೆಂಬುದು ಪಿಂಗಾಣಿಯಲ್ಲಿ ಇರಲಿಲ್ಲ. ಕೈಯಿಂದ ಮಾಡಿದರೆ ಮಾತ್ರ ಕಲೆಯೋ, ಕಣ್ಣಿನಿಂದ ಆರಿಸಿದರೂ ಕಲೆಯೋ ಎಂಬ ಪ್ರಶ್ನೆಯೇ ಆ ಕೃತಿ. ಅಂತಹ ಪ್ರಶ್ನೆಯನ್ನು ಮೊದಲು ಕೇಳಿದವರಿಗೆ ಸಲ್ಲುವ ಗೌರವ, ನೂರು ವರ್ಷಗಳ ಬಳಿಕ ಅದನ್ನೇ ಮತ್ತೆ ಕೇಳಿದವರಿಗೆ ಅಷ್ಟೇ ಪ್ರಮಾಣದಲ್ಲಿ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಇಟಲಿಯ ಕಲಾವಿದ ಮೌರಿಝಿಯೊ ಕ್ಯಾಟೆಲಾನ್ ಅವರ ಬಾಳೆಹಣ್ಣು 2019ರಲ್ಲಿ ಮಯಾಮಿಯಲ್ಲಿ ಮೊದಲು ಕಾಣಿಸಿಕೊಂಡು, 2024ರ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 62 ಲಕ್ಷ ಡಾಲರಿಗೆ ಹೋಯಿತು. ಕೊಂಡವರಿಗೆ ದೊರೆತದ್ದು ಒಂದು ಪ್ರಮಾಣಪತ್ರ ಮತ್ತು ಹಣ್ಣನ್ನು ಹೇಗೆ ಅಂಟಿಸಬೇಕೆಂಬ ಸೂಚನೆ. ಅಲ್ಲಿ ನನಗೆ ಕಾಣುವುದು ಕಲೆಗಿಂತ ಹೆಚ್ಚಾಗಿ ಮಾರುಕಟ್ಟೆ.

ತೀರ್ಮಾನಿಸುವವರು ಯಾರೆಂಬ ಪ್ರಶ್ನೆ ಒಮ್ಮೆ ನಿಜವಾಗಿಯೂ ನ್ಯಾಯಾಲಯಕ್ಕೆ ಹೋಗಿತ್ತು. 1926ರಲ್ಲಿ ರುಮೇನಿಯಾ ಮೂಲದ ಶಿಲ್ಪಿ ಬ್ರಾಂಕುಶಿ ಅವರ ಕಂಚಿನ ಶಿಲ್ಪವೊಂದು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿತು. ಹಕ್ಕಿಯ ರೆಕ್ಕೆಯನ್ನಾಗಲಿ ಕೊಕ್ಕನ್ನಾಗಲಿ ತೋರಿಸದೆ, ಅದರ ಹಾರಾಟವನ್ನಷ್ಟೇ ಹೊಳೆಯುವ ನೀಳ ಆಕಾರವಾಗಿ ಹಿಡಿದ ಕೃತಿ ಅದು. ಕಲಾಕೃತಿಗಳಿಗೆ ಸುಂಕವಿರಲಿಲ್ಲ, ಆದರೆ ಸುಂಕದವರು ಇದರಲ್ಲಿ ಹಕ್ಕಿಯನ್ನು ಕಾಣದೆ, ಅಡುಗೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ ಶೇಕಡಾ 40ರಷ್ಟು ಸುಂಕ ಹಾಕಿದರು. ಶಿಲ್ಪಿ ದಾವೆ ಹೂಡಿದರು. 1928ರಲ್ಲಿ ನ್ಯಾಯಾಲಯವು ಅದನ್ನು ಕಲಾಕೃತಿಯೆಂದೇ ತೀರ್ಪಿತ್ತಿತು. ಪಾತ್ರೆ ಕಲೆಯಾಗುವ ದಾರಿಯಲ್ಲಿ ಕಲೆ ಪಾತ್ರೆಯಾಗಿಯೂ ಇಳಿಯಬಲ್ಲದು. ವ್ಯತ್ಯಾಸ ಮಾಡುವುದು ಅದು ಯಾರ ಕಣ್ಣಿಗೆ ಬಿದ್ದಿತು, ಆ ಕಣ್ಣಿಗೆ ಏನನ್ನು ನೋಡುವ ಅಭ್ಯಾಸವಿತ್ತು ಎಂಬುದು. 1964ರಲ್ಲಿ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಅವರು ಪಾತ್ರೆ ಉಜ್ಜುವ ‘ಬ್ರಿಲ್ಲೊ’ ನಾರಿನ ಪೆಟ್ಟಿಗೆಗಳಂತೆಯೇ ಕಾಣುವ ಮರದ ಪೆಟ್ಟಿಗೆಗಳನ್ನು ಜೋಡಿಸಿಟ್ಟಾಗ, ತತ್ತ್ವಜ್ಞಾನಿ ಆರ್ಥರ್ ಡಾಂಟೊ ಅವರು ಅದೇ ವರ್ಷ ಬರೆದ ಲೇಖನದಲ್ಲಿ ಹೇಳಿದ್ದೂ ಇದನ್ನೇ: ಅಂಗಡಿಯ ಪೆಟ್ಟಿಗೆಗೂ ಕಲಾಪ್ರದರ್ಶನದ ಪೆಟ್ಟಿಗೆಗೂ ಇರುವ ಅಂತರ ಬರಿಗಣ್ಣಿಗೆ ಕಾಣುವಂಥದ್ದಲ್ಲ, ಕಲೆಯ ಇತಿಹಾಸವನ್ನೂ ವಿಚಾರವನ್ನೂ ಬಲ್ಲವರ ಲೋಕವೊಂದು ಆ ಅಂತರವನ್ನು ನಿರ್ಮಿಸುತ್ತದೆ. ಇಷ್ಟರ ನಡುವೆ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಅಂಗಡಿಯಲ್ಲಿದ್ದ ಆ ಅಸಲಿ ರಟ್ಟಿನ ಪೆಟ್ಟಿಗೆಯ ವಿನ್ಯಾಸ ಮಾಡಿದ ಜೇಮ್ಸ್ ಹಾರ್ವಿ ಸ್ವತಃ ವರ್ಣಚಿತ್ರಕಾರರಾಗಿದ್ದರು. ಪೆಟ್ಟಿಗೆಯನ್ನು ಜಗತ್ತೆಲ್ಲ ಬಲ್ಲದು, ಅವರ ಹೆಸರನ್ನು ಬಲ್ಲವರು ಎಷ್ಟು ಜನ?

ಇನ್ನು ತಮ್ಮ ತಕ್ಕಡಿ. ವಸ್ತುವನ್ನು ಕೆಲಸದಿಂದ ಬಿಡಿಸಿ ಎದುರಿಗಿಟ್ಟು ನೋಡುವುದು ನಮಗೆ ಹೊಸದೇನಲ್ಲ. ಆಯುಧ ಪೂಜೆಯ ದಿನ ತಾವು ಅದೇ ತಕ್ಕಡಿಯನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೂವೇರಿಸಿ, ಅದರಲ್ಲಿ ಏನನ್ನೂ ತೂಗದೆ ಕೈಮುಗಿದಿದ್ದೀರಿ. ಆ ಒಂದು ದಿನ ಅದು ಸಾಧನವಾಗಿರಲಿಲ್ಲ, ದರ್ಶನದ ವಸ್ತುವಾಗಿತ್ತು; ಮರುದಿನ ಮತ್ತೆ ಬೇಳೆ ತೂಗಲು ಹೋಯಿತು. ಸಂಗ್ರಹಾಲಯದ ಗೋಡೆ ಮಾಡುವುದೂ ಅದನ್ನೇ, ಆದರೆ ಅದು ವಸ್ತುವನ್ನು ಮರಳಿ ಕೆಲಸಕ್ಕೆ ಕಳುಹಿಸುವುದಿಲ್ಲ. ತಾವು ಸೇರನ್ನು ಗೋಡೆಗೆ ಹಾಕಿದರೆ ಅದಷ್ಟಕ್ಕೇ ಕಲೆಯಾಗದು. ಅದರ ಮೂಲಕ ತಾವು ಏನನ್ನಾದರೂ ಹೇಳಹೊರಟರೆ, ಆ ಮಾತು ನೋಡುವವರಿಗೆ ತಲುಪಿದರೆ, ಆಗ ಆಗಬಹುದು. ಮೂವತ್ತೈದು ವರ್ಷ ಧಾನ್ಯದ ರಾಶಿಗೆ ಇಳಿದು ಎದ್ದು ಅಂಚು ಸವೆದ ಸೇರಿಗೆ ಇರುವ ಚೆಲುವಂತೂ ಯಾರ ಒಪ್ಪಿಗೆಯನ್ನೂ ಕಾಯುವುದಿಲ್ಲ.

ಪ್ರಶ್ನೆ: ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದಾಗ ಗಾಜಿನೊಳಗಿದ್ದ ಮಡಕೆಯ ಚೂರುಗಳನ್ನು ಕಂಡು ಒಬ್ಬ ಹುಡುಗಿ, “ನಮ್ಮನೇಲಿ ಮಡಕೆ ಒಡೆದ್ರೆ ತಿಪ್ಪೆಗೆ ಹಾಕ್ತಾರೆ, ಇದನ್ಯಾಕೆ ಮಿಸ್ ಇಷ್ಟು ಜೋಪಾನ ಮಾಡಿದಾರೆ?” ಎಂದು ಕೇಳಿದಳು. ಇವು ಕಲಾಕೃತಿಗಳೆ? ಹಾಗಾದರೆ ಓಬವ್ವನ ಒನಕೆಯನ್ನು ಏನೆನ್ನಬೇಕು?
— ಪ್ರಾಥಮಿಕ ಶಾಲಾ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು, ಅವಳಿಗೆ ನನ್ನ ಶುಭಾಶಯ ತಿಳಿಸಿ. ಸಂಗ್ರಹಾಲಯಕ್ಕೆ ಸೇರಿದ್ದೆಲ್ಲ ಕಲೆಯಲ್ಲ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರು ನಿಮ್ಮದೇ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ಮಾಡಿದಾಗ ಅವರಿಗೆ ಮುಖ್ಯವಾದದ್ದು ಮಡಕೆಯ ಚೆಲುವಲ್ಲ, ಅದು ಸಿಕ್ಕ ಮಣ್ಣಿನ ಪದರ. ಕಲ್ಲಿನ ಕೊಡಲಿಯ ಜನರ ಕಾಲದ ಮಡಕೆ ಯಾವುದು, ಬೃಹತ್ ಶಿಲಾಸಮಾಧಿಗಳ ಕಾಲದ ಕಪ್ಪು-ಕೆಂಪು ಬಣ್ಣದ ಮಡಕೆ ಯಾವುದು, ಅದರ ಮೇಲೆ ಬಂದದ್ದು ಯಾವುದು ಎಂದು ಪದರ ಪದರವಾಗಿ ಓದಿ ಅವರು ಈ ನೆಲದ ಕಾಲಾನುಕ್ರಮವನ್ನು ಗುರುತಿಸಿದರು. ಅಲ್ಲಿ ಚೂರು ಒಂದು ಸಾಕ್ಷಿ. ನಮ್ಮ ದೇಶದ 1972ರ ಕಾಯ್ದೆಯ ಪ್ರಕಾರವೂ ಮನುಷ್ಯ ಮಾಡಿದ ವಸ್ತುವೊಂದು ‘ಪ್ರಾಚ್ಯವಸ್ತು’ ಎನಿಸಿಕೊಳ್ಳಲು ಸಾಮಾನ್ಯವಾಗಿ 100 ವರ್ಷ ತುಂಬಿರಬೇಕು. ವಯಸ್ಸು ಅದನ್ನು ಪ್ರಾಚ್ಯವಸ್ತುವಾಗಿಸುತ್ತದೆ, ಕಲೆಯಾಗಿಸುವುದಿಲ್ಲ. ಅದೇ ಚೂರಿನ ಮೇಲೆ ಕುಂಬಾರನ ಬೆರಳು ಎಳೆದ ಬಿಳಿಗೆರೆಯನ್ನು ಮೆಚ್ಚಿ ಯಾರಾದರೂ ನಿಂತುಬಿಟ್ಟರೆ, ಅಷ್ಟು ಹೊತ್ತು ಅದು ಅವರಿಗೆ ಕಲೆ. ಇವೆರಡೂ ಒಂದೇ ಚೂರಿನಲ್ಲಿ ಜೊತೆಗಿರಬಹುದು.

ಒನಕೆಯ ಮಾತು ಬೇರೆ. ಕೋಟೆಯ ಕಿಂಡಿಯ ಬಳಿ ನಿಂತು ಹೈದರಾಲಿಯ ಸೈನಿಕರನ್ನು ಎದುರಿಸಿದ ಓಬವ್ವನ ಕೈಯಲ್ಲಿ ಕತ್ತಿ ಇದ್ದಿದ್ದರೆ ಆ ಕಥೆ ಹೀಗೆ ಉಳಿಯುತ್ತಿತ್ತೆಂದು ನನಗನ್ನಿಸುವುದಿಲ್ಲ. ಭತ್ತ ಕುಟ್ಟಿ ಕುಟ್ಟಿ ನಡು ನುಣುಪಾದ, ತುದಿಗೆ ಕಬ್ಬಿಣದ ಬಳೆ ತೊಡಿಸಿದ, ಮನೆ ಮನೆಯ ಹೆಂಗಸರ ಅಂಗೈ ಬಲ್ಲ ಮರದ ತುಂಡು ಅದಾದ್ದರಿಂದಲೇ ಆ ಕಥೆ ನಮ್ಮದಾಯಿತು. ಅದು ಸ್ಮರಣೆಯ ವಸ್ತು. ಊರಿನ ಪ್ರತಿಮೆಯಲ್ಲಿ ಓಬವ್ವ ಎತ್ತಿ ಹಿಡಿದಿರುವ ಒನಕೆ ಕಲಾಕೃತಿಯ ಭಾಗ, ಏಕೆಂದರೆ ಅದನ್ನು ಶಿಲ್ಪಿ ರೂಪಿಸಿದ್ದು ನೋಡುವುದಕ್ಕಾಗಿ, ಅದರಿಂದ ಭತ್ತ ಕುಟ್ಟಲಾಗದು. ಮದುವೆ ಮನೆಯಲ್ಲಿ ಒರಳಿನ ಜೊತೆ ಪೂಜೆಗೊಳ್ಳುವ ಒನಕೆ ಇವೆರಡೂ ಅಲ್ಲ. ಮಕ್ಕಳಿಗೆ ಈ ಮೂರನ್ನೂ ತೋರಿಸಿ, ಪ್ರತಿಯೊಂದರ ಮುಂದೆಯೂ ಜನ ಏನು ಮಾಡುತ್ತಾರೆಂದು ಗಮನಿಸಲು ಹೇಳಿ.

ಪ್ರಶ್ನೆ: ನಾನು ದೃಶ್ಯಕಲೆಯ ವಿದ್ಯಾರ್ಥಿ. ನಮ್ಮ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಅವರು ಬಳಸಿ ಬಿಟ್ಟ ಜರಡಿಯೊಂದನ್ನು ತಂದು ಪ್ರದರ್ಶನದಲ್ಲಿ ಬಿಳಿ ಗೋಡೆಗೆ ತೂಗುಹಾಕಿದೆ. ನೋಡಲು ಬಂದ ಅಪ್ಪ, “ಇದರಾಗ ನೀ ಏನ್ ಮಾಡಿದ್ಯಪ್ಪಾ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ದುಶಾಂ ತಮ್ಮ ವಸ್ತುಗಳನ್ನು ಆರಿಸಿದ್ದು ಉದಾಸೀನದಿಂದ, ಅವು ಚೆಂದವೂ ಆಗಿರಬಾರದು, ವಿಕಾರವೂ ಆಗಿರಬಾರದು, ಮನಸ್ಸಿಗೆ ಅಂಟಿಕೊಳ್ಳಬಾರದು ಎಂಬುದು ಅವರ ಹಟವಾಗಿತ್ತು. ನಿನ್ನ ಜರಡಿ ಹಾಗಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳಿದ ಕೂಡಲೇ ಮರಳನ್ನು ಕೆಳಗಿಳಿಸಿ ಮಂಡಕ್ಕಿಯನ್ನು ಉಳಿಸಿಕೊಡುವ ಆ ಜರಡಿಯಿಂದ ನಿನ್ನ ಮನೆ ನಡೆದಿದೆ, ನಿನ್ನ ಓದೂ ನಡೆದಿದೆ. ಆದ್ದರಿಂದ ನೀನು ಬೇರೆಯವರ ಉದಾಸೀನವನ್ನು ಎರವಲು ತಂದು ಬಿಳಿ ಗೋಡೆಗೆ ಹಚ್ಚಿದ್ದು ಹೊಂದಿಕೊಳ್ಳಲಿಲ್ಲ. ನಿನ್ನ ಅಪ್ಪನಿಗೆ ಅದು ಅರೆಕ್ಷಣದಲ್ಲಿ ಗೊತ್ತಾಯಿತು. ಬಿಹಾರದ ಸುಬೋಧ್ ಗುಪ್ತ ಅವರು ನಮ್ಮೆಲ್ಲರ ಅಡುಗೆಮನೆಯ ಸ್ಟೀಲ್ ಪಾತ್ರೆಗಳನ್ನು ರಾಶಿ ರಾಶಿಯಾಗಿ ಜೋಡಿಸಿ 2006ರಲ್ಲಿ ಒಂದು ಬೃಹತ್ ತಲೆಬುರುಡೆಯನ್ನು ನಿಲ್ಲಿಸಿದರು. ಅಲ್ಲಿ ತಟ್ಟೆ ಲೋಟಗಳು ತಟ್ಟೆ ಲೋಟಗಳಾಗಿಯೇ ಉಳಿದು ಹಸಿವಿನ ಮಾತನ್ನೂ ಹೇಳುತ್ತವೆ. ಜರಡಿಯ ಮಸಿಯನ್ನು ತೊಳೆಯಬೇಡ. ಭಟ್ಟಿಯ ಮರಳನ್ನು ಅದರ ಕೆಳಗೆ ಸುರಿದು ನೋಡು, ಬೆಳಕನ್ನು ಅದರ ಕಣ್ಣುಗಳ ಮೂಲಕ ಹಾಯಿಸಿ ನೋಡು. ಎಲ್ಲಕ್ಕಿಂತ ಮೊದಲು ಅಪ್ಪನನ್ನು ಕೂರಿಸಿಕೊಂಡು, ಅದು ಎಷ್ಟು ವರ್ಷ ಬಾಳಿತು, ಎಲ್ಲಿ ತಂತಿ ಹರಿದಾಗ ಹೇಗೆ ಕಟ್ಟಿದರು ಎಂದು ಕೇಳಿ ಬರೆದುಕೋ. ಕೃತಿಯ ಪಕ್ಕದ ಚೀಟಿಯಲ್ಲಿ ನಿನ್ನ ಹೆಸರಿನ ಜೊತೆಗೆ ಅವರ ಹೆಸರೂ ಇರಲಿ.

ಪ್ರಶ್ನೆ: ನಮ್ಮಜ್ಜಿ ಹೊಲಿದ ಕೌದಿಯೊಂದು ಅಟ್ಟದ ಮೇಲಿತ್ತು. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಅದನ್ನು ನೋಡಿ, ಇದು ದೊಡ್ಡ ಕಲಾಕೃತಿ, ನಮಗೆ ಕೊಡಿ, ಚೌಕಟ್ಟು ಹಾಕಿಸಿ ಹಜಾರದಲ್ಲಿ ಇಡುತ್ತೇವೆ, ದುಡ್ಡನ್ನೂ ಕೊಡುತ್ತೇವೆ ಎಂದರು. ಅಜ್ಜಿ ಒಂದು ದಿನವೂ ಅದನ್ನು ಕಲೆ ಅಂದವರಲ್ಲ. ನಾವು ಹೊದ್ದಿದ್ದೇವೆ, ಮಗುವನ್ನು ಮಲಗಿಸಿದ್ದೇವೆ. ದೊಡ್ಡಮ್ಮನಿಗೆ ಎಂಬತ್ತೆರಡು ವರ್ಷ. ವಿಷಯ ಕೇಳಿ ಅವರು ನಕ್ಕುಬಿಟ್ಟರು. ಅದು ನಿಜವಾಗಿಯೂ ಕಲೆಯೆ? ಕಲೆಯಾದರೆ ಇನ್ನು ಹೊದೆಯಬಾರದೆ?
— ಗೃಹಿಣಿ, ಜಗಳೂರು

ಉತ್ತರ: ಅಮ್ಮಾ, ಈ ತಿಂಗಳ ಪತ್ರಗಳಲ್ಲಿ ನಿಮ್ಮದನ್ನು ನಾನು ಹೆಚ್ಚು ಸಲ ಓದಿದ್ದೇನೆ. ಸೀರೆ ಹರಿದರೆ ಕೌದಿ, ಕೌದಿ ಹರಿದರೆ ಒರಸುಬಟ್ಟೆ ಎಂಬ ಲೆಕ್ಕದಲ್ಲಿ ಬದುಕಿದ ಮನೆಯಲ್ಲಿ ನಾನೂ ಬೆಳೆದವನು. ನಮ್ಮ ತಾಯಿ ಹೊಲಿದ ಕೌದಿ ಈಗ ನನ್ನ ಎದುರಿನಲ್ಲೇ ಇದೆ. ಒಳಗೆ ಅಪ್ಪನ ಧೋತರದ ಎರಡು ಪದರ, ಮೇಲೆ ಇಳಕಲ್ ಸೀರೆಯ ತುಂಡುಗಳು. ಅಂಚಿನಿಂದ ಹೊರಟ ಹೊಲಿಗೆ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಸಾಲಿನಿಂದ ಸಾಲಿಗೆ ಕಿರುಬೆರಳಿನಷ್ಟು ಅಂತರ. ಒಂದು ಕಡೆ ಬಿಳಿ ದಾರ ಮುಗಿದು ನೀಲಿ ದಾರ ಶುರುವಾಗಿದೆ. ಅಲ್ಲಿಂದ ಮುಂದೆ ಹೊಲಿಗೆ ಸ್ವಲ್ಪ ಬಿಗಿಯಾಗಿದೆ, ಬಹುಶಃ ಮತ್ತೊಂದು ದಿನ ಕುಳಿತು ಹೊಲಿದದ್ದು. ಕೆಂಪು ತುಂಡಿನ ಪಕ್ಕಕ್ಕೆ ಇನ್ನೊಂದು ಕೆಂಪು ಬಾರದಂತೆ ಅವರು ನೋಡಿಕೊಂಡಿದ್ದಾರೆ. ಚಳಿಗೆ ಆ ಎಚ್ಚರಿಕೆ ಬೇಕಿರಲಿಲ್ಲ. ಚಳಿಗೆ ಬೇಡದ ಆ ಎಚ್ಚರಿಕೆಯನ್ನೇ ನಾನು ಕಲೆ ಎಂದು ಕರೆಯುತ್ತೇನೆ. ಅದು ಕೌದಿಯಲ್ಲಿ ಮೊದಲ ದಿನದಿಂದಲೂ ಇತ್ತು, ನಿಮ್ಮ ನೆಂಟರು ನೋಡಿದ ಮೇಲೆ ಬಂದದ್ದಲ್ಲ.

ಹಾಗಾದರೆ ಅಜ್ಜಿ ಅದನ್ನು ಕಲೆ ಎನ್ನಲಿಲ್ಲವೇಕೆ? ಹಳೆಯ ಅರುವತ್ನಾಲ್ಕು ಕಲೆಗಳ ಪಟ್ಟಿಯಲ್ಲಿ ಸಂಗೀತ ನೃತ್ಯಗಳ ಸಾಲಿನಲ್ಲೇ ಸೂಜಿಯ ಕೆಲಸವಿದೆ, ಬಡಗಿಯ ಕೆಲಸವಿದೆ, ಹಾಸಿಗೆ ಅಣಿಗೊಳಿಸುವುದೂ ಇದೆ. ಬಳಕೆಯ ಕಸುಬು ಬೇರೆ, ಲಲಿತಕಲೆ ಬೇರೆ ಎಂಬ ಗಡಿಯನ್ನು ಗಟ್ಟಿಯಾಗಿ ಎಳೆದದ್ದು ಹದಿನೆಂಟನೆಯ ಶತಮಾನದ ಯೂರೋಪು. 1746ರಲ್ಲಿ ಫ್ರಾನ್ಸಿನ ಶಾರ್ಲ್ ಬಾತೊ ಅವರು ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯಗಳನ್ನು ಒಂದು ಗುಂಪು ಮಾಡಿ, ಆನಂದವೇ ಅವುಗಳ ಗುರಿಯೆಂದರು. ಉಪಯೋಗಕ್ಕೆ ಬರುವುದೆಲ್ಲ ಆ ಗುಂಪಿನ ಹೊರಗುಳಿಯಿತು. ವಸಾಹತು ಕಾಲದ ಶಾಲೆಗಳ ಮೂಲಕ ಆ ಗಡಿ ನಮ್ಮ ಪಠ್ಯಗಳಿಗೂ ಬಂದಿತು, ಕೌದಿಯನ್ನು ಹೊಲಿದವರು ಗಡಿಯ ಆಚೆಗೆ ಬಿದ್ದರು. ಅದನ್ನು ದಾಟಲು ಜಗತ್ತಿನ ಹಲವು ಕಡೆ ಹೆಣಗಿದವರಿದ್ದಾರೆ. ಜಪಾನಿನ ಯನಗಿ ಸೊಯೆತ್ಸು ಅವರು ಹೆಸರಿಲ್ಲದ ಕುಶಲಿಗಳು ಮಾಡಿದ ಬಟ್ಟಲು, ಬುಟ್ಟಿ, ಬಟ್ಟೆಗಳಲ್ಲಿಯೇ ಹಿರಿದಾದ ಸೌಂದರ್ಯವಿದೆಯೆಂದು ವಾದಿಸಿ 1936ರಲ್ಲಿ ಟೋಕಿಯೊದಲ್ಲಿ ಅವುಗಳಿಗಾಗಿಯೇ ಸಂಗ್ರಹಾಲಯ ತೆರೆದರು. ನಮ್ಮಲ್ಲಿ ಈ ಕೆಲಸ ಮಾಡಿದವರು ನಿಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದ ಪಿ. ಆರ್. ತಿಪ್ಪೇಸ್ವಾಮಿ ಅವರು. ಸ್ವತಃ ಉತ್ತಮ ಚಿತ್ರಕಾರರಾಗಿದ್ದ ಅವರು ಊರೂರು ಅಲೆದು ಹಳ್ಳಿಯ ಬಳಕೆಯ ವಸ್ತುಗಳನ್ನು ಕಲೆಹಾಕಿ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಜಯಲಕ್ಷ್ಮೀ ವಿಲಾಸ ಅರಮನೆಯ ಕೋಣೆಗಳಿಗೆ ರೈತನ ಮನೆಯ ಸಾಮಾನುಗಳು ಪ್ರವೇಶ ಪಡೆದದ್ದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ಕೌದಿಯ ವಿಷಯದಲ್ಲಿ ಅಮೆರಿಕದ ಅನುಭವ ನಮಗೆ ಪಾಠವಾಗಬೇಕು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯವು ಹಳೆಯ ಕೌದಿಗಳನ್ನು ಆಧುನಿಕ ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿತು. ಜನ ಬೆರಗಾದರು, ಆದರೆ ಹೊಲಿದವರು ಬಹುಮಟ್ಟಿಗೆ ಅನಾಮಿಕರಾಗಿಯೇ ಉಳಿದರು. 2002ರಲ್ಲಿ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ, ಗುಲಾಮರ ವಂಶಸ್ಥರಾದ ಕಪ್ಪು ಹೆಣ್ಣುಮಕ್ಕಳ ಕೌದಿಗಳು ಹ್ಯೂಸ್ಟನ್ನಿನಲ್ಲಿ ಪ್ರದರ್ಶನಗೊಂಡಾಗ ಪ್ರತಿಯೊಬ್ಬ ಹೊಲಿಗೆಗಾರ್ತಿಯ ಹೆಸರೂ ಜೊತೆಗಿತ್ತು. 2006ರಲ್ಲಿ ಅವು ಅಂಚೆಚೀಟಿಗಳಾದವು. ಮರುವರ್ಷವೇ ಅವರಲ್ಲಿ ಕೆಲವರು ತಮ್ಮ ಪಾಲಿನ ಹಣ ಮತ್ತು ಹಕ್ಕುಗಳಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹೆಸರು ದಾಖಲಾಗಿದ್ದರಿಂದಲೇ ಅವರಿಗೆ ಕೇಳುವ ಬಾಯಿ ಬಂದಿತ್ತು. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳೂ ಈಗ ಹೊರದೇಶಗಳ ಪ್ರದರ್ಶನಗಳನ್ನು ಕಂಡಿವೆ. ಆ ಕೌದಿಗಳ ಮೂಲೆಯಲ್ಲಿ ಮಡಿಸಿದ ಬಟ್ಟೆಯ ಹೂವುಗಳಿರುತ್ತವೆ, ಅವಿಲ್ಲದ ಕೌದಿಯನ್ನು ಅವರು ಪೂರ್ಣವೆಂದು ಒಪ್ಪುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನದಲ್ಲಿ ನಮ್ಮ ಸೀಮೆಯ ಕೌದಿಯೊಂದನ್ನು ನೋಡಿದೆ. ದೀಪದ ವ್ಯವಸ್ಥೆ ಚೆನ್ನಾಗಿತ್ತು, ಗಾಜು ಶುಭ್ರವಾಗಿತ್ತು. ಪಕ್ಕದ ಚೀಟಿಯಲ್ಲಿ ‘ಹತ್ತಿ ಬಟ್ಟೆ, ಇಪ್ಪತ್ತನೆಯ ಶತಮಾನ’ ಎಂದಿತ್ತು, ಕೆಳಗೆ ಅದನ್ನು ಕೊಟ್ಟವರ ಹೆಸರು ದಪ್ಪ ಅಕ್ಷರಗಳಲ್ಲಿತ್ತು. ಹೊಲಿದವರು ಯಾರೆಂದು ವಿಚಾರಿಸಿದಾಗ, ತರುವಾಗ ಯಾರೂ ಕೇಳಿರಲಿಲ್ಲ ಎಂಬ ಉತ್ತರ ಬಂದಿತು. ಇಪ್ಪತ್ತನೆಯ ಶತಮಾನವೆಂದರೆ ಆಕೆಯ ಮಗಳೋ ಸೊಸೆಯೋ ಇನ್ನೂ ಬದುಕಿದ್ದಿರಬಹುದು. ಅಂದಿನ ನೋವು ನನಗೆ ಇನ್ನೂ ಆರಿಲ್ಲ. ವಸ್ತುವೊಂದು ಕೈಯಿಂದ ಕಣ್ಣಿಗೆ ದಾಟುವಾಗ ಮೊದಲು ಕಳಚಿ ಬೀಳುವುದು ಅದನ್ನು ಮಾಡಿದವರ ಹೆಸರು. ಆರಿಸಿದವರು, ಕೊಂಡವರು, ಕೊಟ್ಟವರು, ಬರೆದವರು ಎಲ್ಲರ ಹೆಸರೂ ಉಳಿಯುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಕೊಡುವುದು ಬಿಡುವುದು ನಿಮ್ಮ ಮನೆಯವರಿಗೆ ಸೇರಿದ ವಿಚಾರ. ನನ್ನನ್ನು ಕೇಳಿದರೆ ಕೊಡಬೇಡಿ ಎನ್ನುತ್ತೇನೆ. ಬಟ್ಟೆ ಇನ್ನೂ ಗಟ್ಟಿಯಿದ್ದರೆ ಹಬ್ಬಕ್ಕೆ ಬಂದ ಮಕ್ಕಳು ಒಂದು ರಾತ್ರಿ ಹೊದ್ದುಕೊಳ್ಳಲಿ, ಅದರಿಂದ ಕಲೆಗೆ ಕುಂದಿಲ್ಲ. ದಾರ ಪುಡಿಯಾಗುತ್ತಿದ್ದರೆ ಮಾತ್ರ ಬಳಕೆ ನಿಲ್ಲಿಸಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಒಂದು ತುಂಡು ಬಜೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಜೊತೆಗಿಡಿ, ನಾಲ್ಕಾರು ತಿಂಗಳಿಗೊಮ್ಮೆ ನೆರಳಿನಲ್ಲಿ ಆರಹಾಕಿ, ಪ್ರತಿ ಸಲವೂ ಮಡಿಕೆಯ ಜಾಗವನ್ನು ಬದಲಿಸಿ. ಗೋಡೆಗೇ ಹಾಕಬೇಕೆನ್ನಿಸಿದರೆ ಮೊಳೆ ಹೊಡೆಯದೆ, ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ಬಟ್ಟೆಯ ಪಟ್ಟಿ ಹೊಲಿದು ಅದರೊಳಗೆ ಕೋಲು ತೂರಿಸಿ, ಬಿಸಿಲು ಬೀಳದ ಕಡೆ ತೂಗುಹಾಕಿ.

ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ನಿಮ್ಮ ದೊಡ್ಡಮ್ಮನ ಮುಂದೆ ಕೌದಿಯನ್ನು ಪೂರ್ತಿ ಬಿಚ್ಚಿ ಹಾಸಿ. ಪ್ರತಿ ತುಂಡಿನ ಮೇಲೂ ಬೆರಳಿಟ್ಟು, ಇದು ಯಾರ ಸೀರೆ, ಇದು ಯಾರ ಅಂಗಿ, ಯಾವ ಮಗು ಹುಟ್ಟಿದಾಗ ಹೊಲಿದದ್ದು ಎಂದು ಕೇಳಿ. ಅವರು ನಗುತ್ತಲೇ ಹೇಳಲಿ, ನೀವು ಬರೆದುಕೊಳ್ಳಿ. ಆಮೇಲೆ ಅಂಗೈಯಗಲದ ಬಿಳಿ ಬಟ್ಟೆಯ ಮೇಲೆ ಅಜ್ಜಿಯ ಹೆಸರು, ಊರು, ಹೊಲಿದ ಕಾಲ ಇಷ್ಟನ್ನು ದಾರದಲ್ಲೇ ಬರೆದು, ಕೌದಿಯ ಹಿಂಬದಿಯ ಮೂಲೆಗೆ ಸಡಿಲ ಹೊಲಿಗೆ ಹಾಕಿ ಸೇರಿಸಿ. ಆ ಹೊಲಿಗೆಯನ್ನು ದೊಡ್ಡಮ್ಮನ ಕೈಯಿಂದಲೇ ಹಾಕಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು; ಸೂಜಿಗೆ ದಾರ ಪೋಣಿಸಿ ಕೊಡಲು ನೀವು ಪಕ್ಕದಲ್ಲಿರುತ್ತೀರಲ್ಲ.